ಆಟಿಯಲ್ಲಿ ಆಮೆಗೆ ಬಿಸಿಲು ಹುಡುಕಿದ್ದು

ನಮ್ಮ ಮನೆಗೆ ಆಮೆ ಬಂದದ್ದು ಜುಲೈ ಮೊದಲ ವಾರದಲ್ಲಿ. ಬಿಸಿಲು ಬೇಕಾಗುವ ಪ್ರಾಣಿಯನ್ನು ಮಂಗಳೂರಿನ ಮನೆಗೆ ತರಲು ಇದಕ್ಕಿಂತ ಕೆಟ್ಟ ಸಮಯ ಇಲ್ಲ. ಆದರೆ ಅದಕ್ಕೆ ಬಿಸಿಲು ಬೇಕು ಅಂತ ಆಗ ಯಾರಿಗೆ ಗೊತ್ತಿತ್ತು? ನೀರಿನಲ್ಲಿರುವ ಪ್ರಾಣಿ, ಹೊರಗೆ ಧೋ ಅಂತ ಮಳೆ, ಅದಕ್ಕೆ ಖುಷಿಯೇ ಆಗಬಹುದು ಅಂದುಕೊಂಡಿದ್ದೆವು.

ತಂದದ್ದು ಇವರು ಮತ್ತು ಮಗಳು. ಜೋರು ಮಳೆ ಅಂತ ಡಿಸಿ ಶಾಲೆಗೆ ರಜೆ ಕೊಟ್ಟ ದಿನ. ಹೋದದ್ದು ಎರಡು ಗಪ್ಪಿ ಮೀನು ತರಲಿಕ್ಕೆ. ಬಂದದ್ದು ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬದೊಳಗೆ ಒಂದು ಹಸಿರು ಆಮೆಮರಿ, ಒಂದು ಡಬ್ಬ ಒಣ ಸಿಗಡಿ, ಮತ್ತೆ ನಡುವೆ ಪ್ಲಾಸ್ಟಿಕ್ ತೆಂಗಿನಮರ ನೆಟ್ಟ ಒಂದು ಸಣ್ಣ ಬೋಗುಣಿ. "ದಿನಕ್ಕೆ ನಾಲ್ಕು ಕಾಳು ಹಾಕಿದರೆ ಸಾಕು, ಇದು ಇಷ್ಟೇ ದೊಡ್ಡದಿರುವುದು" ಅಂತ ಅಂಗಡಿಯವನು ಹೇಳಿದ್ದನಂತೆ. ಅಂಗೈ ನಡುವೆ ಕೂರುವಷ್ಟೇ ಇತ್ತು ಅದು. ಬೆನ್ನು ಉಬ್ಬಿಕೊಂಡು ಎಣ್ಣೆಯಿಂದ ಆಗಷ್ಟೇ ತೆಗೆದ ಬನ್ಸಿನ ಹಾಗೆ ಕಂಡಿತು. ಮಗಳು ಆ ಹೆಸರನ್ನೇ ಇಟ್ಟಳು, ಬನ್ಸ್. ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ, ಕುಂಕುಮ ಎಳೆದ ಹಾಗೆ.

ನನಗೆ ಮೊದಲು ಆದದ್ದು ಹೆದರಿಕೆ. ಆಮೆ ಸಾಕಿದವರ ಮನೆಗೆ ಅರಣ್ಯ ಇಲಾಖೆಯವರು ಬಂದ ಸುದ್ದಿ ಪೇಪರಿನಲ್ಲಿ ಓದಿದ್ದೆ. ವಿಚಾರಿಸಿದಾಗ ಗೊತ್ತಾಯಿತು, ನಮ್ಮ ನೆಲದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬನ್ಸ್ ಆ ಜಾತಿಯಲ್ಲ. ರೆಡ್ ಇಯರ್ಡ್ ಸ್ಲೈಡರ್ ಅಂತ, ಅಮೆರಿಕದ ಮಿಸ್ಸಿಸಿಪ್ಪಿ ನದಿಯ ಕಡೆಯದ್ದು. ಅಲ್ಲಿಂದ ಇಲ್ಲಿ ಕಾವೂರಿನ ತನಕ ಅದರ ವಂಶ ಹೇಗೆ ಬಂತೋ ಏನೋ. ಹೆಸರಲ್ಲಿ ಕೆಂಪು ಕಿವಿ ಉಂಟು, ಹೊರಗೆ ಕಾಣುವ ಕಿವಿಯೇ ಇಲ್ಲ.

ಪಕ್ಕದ ಮನೆಯ ಮಾವ ನೋಡಲಿಕ್ಕೆ ಬಂದರು. "ಏಮೆನಾ? ಗುವೆಲ್‌ಗ್ ಬುಡ್ಲೆ" ಅಂದರು. ಬಾವಿಗೆ ಬಿಡಿ ಅಂತ. ಅವರ ಮಾತು ಸುಮ್ನೆ ಅಲ್ಲ. ಕಾರ್ಕಳದ ನನ್ನ ಅಜ್ಜಿಮನೆ ಬಾವಿಯಲ್ಲೂ ಒಂದು ಕಪ್ಪು ಆಮೆ ಇತ್ತು. ನೀರು ಸೇದಲು ಬಗ್ಗಿದರೆ ಕೆಳಗೆ ತಲೆ ಎತ್ತಿ ನೋಡುತ್ತಿತ್ತು, ಕೊಡಪಾನ ಬಡಿದರೆ ಮುಳುಗುತ್ತಿತ್ತು. ಬಾವಿಯಲ್ಲಿ ಆಮೆ ಇದ್ದರೆ ನೀರು ಚೊಕ್ಕ ಅಂತ ಅಜ್ಜಿಯ ನಂಬಿಕೆ. ಆ ಆಮೆಗೆ ಯಾರೂ ಊಟ ಹಾಕಿದ್ದು, ಬಿಸಿಲಿಗೆ ಇಟ್ಟದ್ದು ನಾನು ನೋಡಿಲ್ಲ. ಹಾಗಾಗಿ ಆಮೆ ಅಂದರೆ ತನ್ನಷ್ಟಕ್ಕೆ ಇರುವ ಪ್ರಾಣಿ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಅದು ಆ ಬಾವಿಯಲ್ಲಿ ಸುಖವಾಗಿತ್ತಾ ಅಂತ ಈಗ ಯೋಚನೆ ಬರುತ್ತದೆ.

ಹತ್ತು ದಿನ ಬನ್ಸ್ ಚೆನ್ನಾಗಿಯೇ ಇತ್ತು. ಆಮೇಲೆ ಸಿಗಡಿ ಹಾಕಿದರೂ ತಿರುಗಿ ನೋಡಲಿಲ್ಲ. ಅತ್ತೆ ಎರಡು ಅಗುಳು ಕುಚ್ಚಲಕ್ಕಿ ಅನ್ನ ಹಾಕಿದರು. ಆಮೆ ತಿನ್ನಲಿಲ್ಲ, ನೀರು ಮಾತ್ರ ಸಂಜೆಯೊಳಗೆ ವಾಸನೆ ಬಂತು. ಪ್ಲಾಸ್ಟಿಕ್ ತೆಂಗಿನಮರದ ಬುಡದಲ್ಲಿ ಕತ್ತು ಚಾಚಿ ಬಿದ್ದುಕೊಂಡೇ ಇರುತ್ತಿತ್ತು. ಮಗಳ ಅಳು ನೋಡಲಾಗದೆ ಸಣ್ಣ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಪಶುವೈದ್ಯರ ಹತ್ತಿರ ಹೋದೆವು. ಕ್ಯೂನಲ್ಲಿ ಒಂದು ಲ್ಯಾಬ್ರಡಾರ್, ಎರಡು ಬೆಕ್ಕು, ಮತ್ತೆ ನಾವು. ನಾಯಿಯವರು ಬುಟ್ಟಿಯೊಳಗೆ ಇಣುಕಿ ನಕ್ಕರು.

ಡಾಕ್ಟ್ರು ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲ ಒತ್ತಿದರು. ಅದು ಬಗ್ಗಿತು. ನೆನೆದ ರಟ್ಟಿನ ಹಾಗೆ. ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು.

"ಬಿಸಿಲಿಗೆ ಇಡ್ತೀರಾ?" ಕೇಳಿದರು.

"ಕಿಟಕಿ ಹತ್ತಿರ ಇಟ್ಟಿದ್ದೇವೆ ಡಾಕ್ಟ್ರೇ. ಮೇಲಿಂದ ಎಲ್‌ಇಡಿ ಬಲ್ಬ್ ಕೂಡ ಉಂಟು."

"ಎರಡೂ ಪ್ರಯೋಜನ ಇಲ್ಲ."

ಚಿಪ್ಪು ಅಂದರೆ ನಾವು ತಿಳಿದ ಹಾಗೆ ಆಮೆ ಹೊದ್ದುಕೊಂಡ ಮನೆಯಲ್ಲ, ಅದು ಎಲುಬು. ಬೆನ್ನುಮೂಳೆ, ಪಕ್ಕೆಲುಬು ಎಲ್ಲಾ ಸೇರಿಯೇ ಚಿಪ್ಪು ಆಗಿರುವುದು. ಅದು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು, ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಅದನ್ನು ಮೈಯಲ್ಲೇ ಮಾಡಿಕೊಳ್ಳಲು ಬಿಸಿಲಿನ ಯುವಿಬಿ ಕಿರಣ ಬೇಕು. ಆ ಕಿರಣ ಕಿಟಕಿಯ ಗಾಜು ದಾಟಿ ಬರುವುದಿಲ್ಲ. ಮನೆಯ ಎಲ್‌ಇಡಿಯಲ್ಲಿ ಅದು ಇಲ್ಲವೇ ಇಲ್ಲ. ಹತ್ತು ದಿನ ನಾವು ಅದಕ್ಕೆ ಬರೀ ಬೆಳಕು ತೋರಿಸಿದ್ದೆವು. ನೀರು ಬಿಟ್ಟು ಮೇಲೆ ಬಂದು ಪೂರ್ತಿ ಒಣಗಲಿಕ್ಕೆ ಜಾಗವೂ ಬೇಕಂತೆ, ಆ ತೆಂಗಿನಮರದ ದ್ವೀಪ ಅಂಗಡಿಯವನ ಅಲಂಕಾರ ಅಷ್ಟೇ. ಒಣ ಸಿಗಡಿ ಎಂದಾದರೊಂದು ದಿನ ಸಾಕು, ದಿನಕ್ಕೆ ಆಮೆಯ ಕಾಳು ಕೊಡಿ, ಸೊಪ್ಪು ಅಭ್ಯಾಸ ಮಾಡಿ ಅಂದರು. ಬಸಳೆ ಬಹುದಾ ಅಂತ ಕೇಳಿದೆ, ಚಪ್ಪರದಲ್ಲಿ ಬೇಕಾದಷ್ಟು ಉಂಟಲ್ಲ. ಅದರ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಕೂಡ ಹಿಡಿದಿಟ್ಟುಕೊಳ್ಳುತ್ತದೆ, ಬೇಡ ಅಂದರು. ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೆಯಲೇಬೇಕು, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಅಮೆರಿಕದಲ್ಲಿ 4 ಇಂಚಿಗಿಂತ ಸಣ್ಣ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದು ಇದೇ ಕಾರಣಕ್ಕೆ, ಮಕ್ಕಳು ಬಾಯಿಗೆ ಇಟ್ಟುಕೊಳ್ಳುತ್ತಾರೆ ಅಂತ. ನಾನು ಬೋಗುಣಿಯನ್ನು ಅಡುಗೆಮನೆ ಸಿಂಕಿನಲ್ಲೇ ತೊಳೆಯುತ್ತಿದ್ದೆ. ಅದನ್ನು ಡಾಕ್ಟ್ರಿಗೆ ಹೇಳಲಿಲ್ಲ.

ಕ್ಯಾಲ್ಸಿಯಂಗೆ ಕಟಲ್‌ಬೋನ್ ಹಾಕಿ ಅಂದರು. ಬೊಂಡಾಸಿನ (ಸ್ಕ್ವಿಡ್) ಜಾತಿಯ ಸಮುದ್ರಜೀವಿಯ ಒಳಗಿನ ಬಿಳಿ ಎಲುಬು, ಲವ್‌ಬರ್ಡ್ಸ್ ಗೂಡಿಗೆ ಸಿಕ್ಕಿಸುತ್ತಾರಲ್ಲ, ಅದು. ಫೋಟೋ ತೋರಿಸಿದ್ದೇ ತಡ ಮಗಳು ಕುರ್ಚಿಯಿಂದ ಎದ್ದಳು. ಬೇಸಗೆಯಲ್ಲಿ ತಣ್ಣೀರುಬಾವಿ ಬೀಚಿನಿಂದ ಚಿಪ್ಪುಗಳ ಜೊತೆ ಹೆಕ್ಕಿ ತಂದು, ಏನೆಂದು ಗೊತ್ತಿಲ್ಲದೆ ಶೋಕೇಸಿನಲ್ಲಿ ಇಟ್ಟದ್ದು ಅದೇ. ಉಗುರಿನಲ್ಲಿ ಗೀರಿದರೆ ಸೀಮೆಸುಣ್ಣದ ಹಾಗೆ ಪುಡಿ ಬರುತ್ತದೆ. ಎರಡು ದಿನ ನೆನೆಸಿ ಉಪ್ಪು ಬಿಡಿಸಿ, ಕುದಿಸಿ, ಬೆನ್ನಿನ ಗಟ್ಟಿ ಸಿಪ್ಪೆ ಎಬ್ಬಿಸಿ ನೀರಿಗೆ ಹಾಕಿದೆವು.

ಯುವಿಬಿ ದೀಪ ಆನ್‌ಲೈನಿನಲ್ಲಿ ತರಿಸಬೇಕು, ಬರಲು ಒಂದು ವಾರ. ಅಲ್ಲಿಯ ತನಕ ನಿಜವಾದ ಬಿಸಿಲು ಹುಡುಕಬೇಕಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು, ಅದರಲ್ಲೂ ಆಟಿ, ತುಳುವರ ಜೋರು ಮಳೆಯ ತಿಂಗಳು. ನನ್ನ ಒದ್ದೆ ಬಟ್ಟೆಗಳೇ ಮೂರು ದಿನದಿಂದ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ನೇತಾಡುತ್ತಿದ್ದವು, ಆಮೆಗೆ ಎಲ್ಲಿಂದ ಬಿಸಿಲು ತರುವುದು? ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ಅತ್ತೆ ಆಕಾಶ ನೋಡುತ್ತಾರಲ್ಲ, ಒಂದು ಮೋಡ ಬಂದರೆ ಓಡುತ್ತಾರಲ್ಲ, ನಾನು ಅದನ್ನೇ ಉಲ್ಟಾ ಮಾಡಿದೆ. ಮೋಡ ಸ್ವಲ್ಪ ಬಿಳಿಯಾದರೆ ಟಬ್ ಎತ್ತಿಕೊಂಡು ಅಂಗಳಕ್ಕೆ. ಇಟ್ಟು ತಿರುಗುವುದರೊಳಗೆ ಮಳೆ. ಒಂದು ದಿನ ಹೀಗೆ ಆರು ಸಲ ಆಗಿದೆ.

ಆ ಭಾನುವಾರ ಹತ್ತೂವರೆಗೆ ಬಿಸಿಲು ಬಂತು. ಸುಮ್ನೆ ಬೆಳಕಲ್ಲ, ಅಂಗಳದ ಪಾಚಿ ಹೊಳೆಯುವಂಥ ಬಿಸಿಲು. ಬಟ್ಟೆ ತೊಳೆಯುವ ನೀಲಿ ಟಬ್ಬಿಗೆ ನಾಲ್ಕು ಬೆರಳು ಬಾವಿನೀರು ಹಾಕಿದೆ. ಹತ್ತಿ ಕೂರಲು ಮೆಟ್ಟಿಲಿನ ಹಾಗೆ ಇಟ್ಟಿಗೆ ತುಂಡು ಜೋಡಿಸಿದೆ. ಸೆಕೆಯಾದರೆ ನೆರಳಿಗೆ ಹೋಗಲಿ ಅಂತ ಅರ್ಧಕ್ಕೆ ಅಡಿಕೆ ಹಾಳೆ ಮುಚ್ಚಿದೆ. ಬನ್ಸ್ ಸ್ವಲ್ಪ ಹೊತ್ತು ನೀರಲ್ಲೇ ಇತ್ತು. ಆಮೇಲೆ ಒಂದೊಂದೇ ಕಾಲು ಇಟ್ಟು ಇಟ್ಟಿಗೆ ಹತ್ತಿತು. ಹತ್ತಿದ್ದೇ ಹಿಂದಿನ ಎರಡೂ ಕಾಲನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಚರ್ಮವನ್ನು ಪೂರಾ ಬಿಡಿಸಿ, ಕತ್ತು ಎತ್ತಿ ಕಣ್ಣು ಮುಚ್ಚಿತು. ಊಟ ಮಾಡಿ ಈಸಿಚೇರಿನಲ್ಲಿ ಕಾಲು ಚಾಚಿದ ನನ್ನ ಅಪ್ಪನ ಹಾಗೆಯೇ. ಅಷ್ಟು ದಿನದಲ್ಲಿ ಅದಕ್ಕೆ ಆರಾಮ ಆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕುಕ್ಕರ್ ಕೂಗಿತು. ಒಳಗೆ ಹೋದೆ. ಸಾಂಬಾರಿಗೆ ಒಗ್ಗರಣೆ ಹಾಕಿದೆ, ಫೋನ್ ಬಂತು, ಮಾತಾಡಿದೆ. ಎಷ್ಟು ಹೊತ್ತು ಅಂದರೆ ಕಾಲು ಗಂಟೆ ಅಂತ ಇವರಿಗೆ ಹೇಳಿದ್ದೇನೆ. ಅರ್ಧ ಗಂಟೆ ಆಗಿರಬಹುದು.

ಟಬ್ ಖಾಲಿ.

ನಾನೇ ಇಟ್ಟ ಮೇಲಿನ ಇಟ್ಟಿಗೆಯಿಂದ ಟಬ್ಬಿನ ಅಂಚಿಗೆ ಇದ್ದದ್ದು ಎರಡೇ ಬೆರಳು. ಆಮೆ ನಿಧಾನ ಅಂತ ಕತೆ ಹೇಳಿದವರನ್ನು ಕರೆದು ತೋರಿಸಬೇಕು. ಮೊದಲು ಮೇಲೆ ನೋಡಿದೆ, ತೆಂಗಿನಮರದಲ್ಲಿ ಎರಡು ಕಾಗೆ. ಎದೆ ಧಸಕ್ ಅಂತು. ಹಿತ್ತಿಲಲ್ಲಿ ಮುಂಗುಸಿ ಬೇರೆ ಓಡಾಡುತ್ತದೆ. ಅತ್ತೆ ಕೆಸುವಿನ ಬುಡ ಎಲ್ಲಾ ಬಗ್ಗಿಸಿ ನೋಡಿದರು, ಇವರು ಒಗೆಯುವ ಕಲ್ಲಿನ ಹಿಂದೆ ಮಂಡಿಯೂರಿದರು, ಮಗಳು "ಬನ್ಸ್, ಬನ್ಸ್" ಅಂತ ಕರೆಯುತ್ತಾ ತಿರುಗಿದಳು. ಅದು ಕೇಳಿ ಪಕ್ಕದ ಮನೆಯ ಅಕ್ಕ ಕಾಂಪೌಂಡಿನಾಚೆಯಿಂದ, ಇವತ್ತು ಬನ್ಸ್ ಮಾಡಿದ್ದೀರಾ ಅಂತ ಕೇಳಿದರು.

ನನ್ನ ಕಣ್ಣು ಮಾತ್ರ ಅಂಗಳದ ಮೂಲೆಯ ಚರಂಡಿಯ ಮೇಲೆ. ಆ ನೀರು ಗದ್ದೆ ಬದಿಯ ತೋಡಿಗೆ ಹೋಗುತ್ತದೆ, ತೋಡು ಫಲ್ಗುಣಿ ಹೊಳೆಗೆ. ಸತ್ತರೆ ಒಂದು ದುಃಖ, ಬದುಕಿದರೆ ಇನ್ನೊಂದು. ಈ ಜಾತಿ ಹೊರಗೆ ಹೋಗಿ ಬೇರೂರಿದರೆ ಸ್ಥಳೀಯ ಆಮೆಗಳ ಊಟಕ್ಕೆ, ಬಿಸಿಲು ಕಾಯಿಸುವ ಕಲ್ಲಿಗೆ ಪೈಪೋಟಿ ಕೊಡುತ್ತದೆ, ಲೋಕದ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ಬಾವಿಗೆ ಬಿಡಿ, ದೇವಸ್ಥಾನದ ಕೆರೆಗೆ ಬಿಡಿ ಅಂದವರಿಗೆಲ್ಲ ಇದನ್ನು ಹೇಳಿ ಹೇಳಿ ಸುಸ್ತಾಗಿದ್ದವಳು ನಾನು. ಈಗ ನನ್ನ ಕೈಯಿಂದಲೇ ಹೋಗಬೇಕಾ?

ಅಷ್ಟರಲ್ಲಿ ಮಳೆ ಹನಿಯಲು ಶುರುವಾಯಿತು. ಚರಂಡಿಯ ಬಾಯಿಗೆ ಒಂದು ಗೋಣಿ ತುರುಕಿ, ಒದ್ದೆಯಾಗುತ್ತಾ ನಿಂತೆ.

ಸಿಕ್ಕಿದ್ದು ಅತ್ತೆಗೆ. ಬಚ್ಚಲುಮನೆಯ ಹಂಡೆಗೆ ಹೊರಗಿನಿಂದ ಬೆಂಕಿ ಹಾಕುವ ಒಲೆ ನಮ್ಮದು. ಬೆಳಗ್ಗಿನ ಬೆಂಕಿ ಆರಿದ್ದರೂ ಕಲ್ಲು ಬೆಚ್ಚಗೇ ಇತ್ತು. ಮಡಲಿನ ಚೂರು ತರಲು ಹೋದ ಅತ್ತೆ "ಇಲ್ಲಿ ಬಾ ಮಾರಾಯ್ತಿ" ಅಂದರು. ಒಲೆಯ ಬಾಯಿಂದ ಒಂದು ಗೇಣು ದೂರ, ತೆಂಗಿನ ಸಿಪ್ಪೆಯ ರಾಶಿಗೆ ಒರಗಿ, ಮೈಯಿಡೀ ಬೂದಿ ಮೆತ್ತಿಕೊಂಡು ಕೂತಿತ್ತು ಬನ್ಸ್. ಹಿಂದಿನ ಕಾಲು ಚಾಚಿ, ಕತ್ತು ಎತ್ತಿ, ಕಣ್ಣು ಮುಚ್ಚಿ.

"ಇಡೀ ಮನೆಯಲ್ಲಿ ಬೆಚ್ಚಗಿನ ಜಾಗ ಇದೊಂದೇ ಇದ್ದದ್ದು" ಅಂದರು ಅತ್ತೆ. "ನಿನಗಿಂತ ಅದಕ್ಕೆ ಬುದ್ಧಿ ಉಂಟು."

ಬುಧವಾರ ದೀಪ ಬಂತು. ಆಮೆಗೆ ಕೊಟ್ಟದ್ದು 300 ರೂಪಾಯಿ, ದೀಪಕ್ಕೆ 2,000ಕ್ಕಿಂತ ಜಾಸ್ತಿ. ಈಗ ದೊಡ್ಡ ಟ್ಯಾಂಕ್ ಬೇರೆ ನೋಡುತ್ತಿದ್ದೇವೆ, ಚಿಪ್ಪಿನ ಒಂದೊಂದು ಇಂಚಿಗೆ ಸುಮಾರು 40 ಲೀಟರ್ ನೀರು ಬೇಕು ಅಂತ ಲೆಕ್ಕ. ಇಷ್ಟೇ ದೊಡ್ಡದಿರುವ ಈ ಆಮೆ, ಹೆಣ್ಣಾದರೆ ಒಂದು ಅಡಿ ಹತ್ತಿರ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಹುದು. ಮಗಳಿಗೆ ಈಗ 8. ಇವರು ಕೂಡಿಸಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಯುವಿಬಿ ದೀಪ ಉರಿಯುತ್ತಿದ್ದರೂ ಕೆಲವು ತಿಂಗಳಲ್ಲಿ ಅದರ ಕಿರಣ ಕುಗ್ಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಹಾಕಿದ ತಾರೀಕು ಬರೆದಿಡಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಹಾಕಿದ ದಿನದ ಕೆಳಗೆ ಬರೆದೆ. ಅದರ ಕೆಳಗೆ ಮಗಳು ಪೆನ್ಸಿಲಿನಲ್ಲಿ ಬನ್ಸಿನ ತೂಕ ಬರೆಯುತ್ತಿದ್ದಾಳೆ. ಮೊದಲ ವಾರ 28 ಗ್ರಾಂ, ಈ ವಾರ 31.