ಕರಾವಳಿಯ ಮನೆಗೆ ಗೇಮಿಂಗ್ ಯಂತ್ರ: ಮಾರಾಟದ ಅಂಕಿಗಿಂತ ಮೊದಲು ನೋಡಬೇಕಾದ್ದು

ಸೋನಿಯ ಗೇಮಿಂಗ್ ಯಂತ್ರ ಪಿಎಸ್5 (ಪ್ಲೇಸ್ಟೇಷನ್ 5) ಕೊಳ್ಳಲೋ ಪಿಸಿ ಕಟ್ಟಿಸಲೋ ಎಂದು ಕೇಳುವವರು ಹೆಚ್ಚಾಗಿ ಮಾರಾಟದ ಅಂಕಿ ಹಿಡಿದುಕೊಂಡೇ ಬರುತ್ತಾರೆ. ಕಾರವಾರದಿಂದ ಭಟ್ಕಳದವರೆಗಿನ ಮನೆಗಳಿಗೆ ನಾನು ಹೇಳುವುದು ಬೇರೆ. ಚೌತಿಗೆ ಅಣ್ಣತಮ್ಮಂದಿರು, ಅತ್ತೆಯ ಮಕ್ಕಳೆಲ್ಲ ಸೇರಿದಾಗ ಒಂದೇ ಟಿವಿಯ ಮುಂದೆ ಎಷ್ಟು ಜನ ಆಡಬಹುದು? ಆ ಯಂತ್ರ ನಮ್ಮ ಮಳೆಗಾಲಕ್ಕೆ ಬಾಳುತ್ತದೆಯೇ? ಮೊದಲು ಇವೆರಡು ನೋಡಿ.

ಅಂಕಿ ಪೂರ್ತಿ ವ್ಯರ್ಥವೇನಲ್ಲ. ಪಿಎಸ್2 16 ಕೋಟಿ ದಾಟಿತು, ನಿಂಟೆಂಡೊ ಸ್ವಿಚ್ 15 ಕೋಟಿ ದಾಟಿದೆ, ಪಿಎಸ್4 ಸುಮಾರು 11.7 ಕೋಟಿ. ಸ್ವಿಚ್‌ನ ಡಬ್ಬದಲ್ಲೇ ಇಬ್ಬರು ಒಂದೊಂದು ಹಿಡಿದು ಆಡಬಹುದಾದ ಎರಡು ಜಾಯ್-ಕಾನ್ (ಪುಟ್ಟ ಕಂಟ್ರೋಲರ್) ಬರುತ್ತವೆ. ಅದು ಅಷ್ಟು ಮನೆ ಸೇರಿದ್ದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ನಂಬಿಕೆ. ಆದರೆ ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ, ಹೊರಗಿನಿಂದ ತರಿಸಿದ್ದಕ್ಕೆ ಇಲ್ಲಿ ವಾರಂಟಿ ಕೇಳುವ ಹಾಗಿಲ್ಲ. ಪಿಎಸ್4ರ ದೊಡ್ಡ ಅಂಕಿಯಿಂದ ನಮಗೆ ನೇರ ಲಾಭವಿದೆ: ಹಳೇ ಡಿಸ್ಕ್, ಹಳೇ ಕಂಟ್ರೋಲರ್, ಬಿಡಿಭಾಗ ಇನ್ನೂ ಸುಲಭವಾಗಿ ಸಿಗುತ್ತವೆ. ಬಜೆಟ್ ಚಿಕ್ಕದಾದರೆ ಸೆಕೆಂಡ್ ಹ್ಯಾಂಡ್ ಪಿಎಸ್4, ಎರಡು ಕಂಟ್ರೋಲರ್, ಇಬ್ಬರು ಸೇರಿಯೇ ಆಡುವ 2021ರ ಆಟ 'ಇಟ್ ಟೇಕ್ಸ್ ಟೂ' ಸಾಕು.

ಇಬ್ಬರು ಒಟ್ಟಿಗೆ ಆಡಲು ಪರದೆ ಎರಡು ಭಾಗವಾದಾಗ (ಸ್ಪ್ಲಿಟ್ ಸ್ಕ್ರೀನ್) ಒಳಗೆ ಏನಾಗುತ್ತದೆ ಎಂಬುದು ತಿಳಿದಿರಬೇಕು. ಪಿಕ್ಸೆಲ್‌ಗಳ ಸಂಖ್ಯೆ ಅಷ್ಟೇ ಇರುತ್ತದೆ, ಆದರೆ ಆಟದೊಳಗಿನ ಕ್ಯಾಮೆರಾ ಎರಡಾಗುತ್ತವೆ. ಯಾವ ವಸ್ತು ಕಾಣುತ್ತದೆ, ಎಲ್ಲಿ ನೆರಳು ಬೀಳುತ್ತದೆ ಎಂಬ ಲೆಕ್ಕವನ್ನು ಎರಡೆರಡು ಸಲ ಮಾಡಬೇಕು. ಹೊರೆ ಗ್ರಾಫಿಕ್ಸ್ ಕಾರ್ಡ್‌ಗಿಂತ ಹೆಚ್ಚಾಗಿ ಪ್ರೊಸೆಸರ್ ಮತ್ತು ಮೆಮರಿಯ ಮೇಲೆ ಬೀಳುತ್ತದೆ. ಇಬ್ಬರು ಆಟಗಾರರು ಬೇರೆ ಬೇರೆ ದಿಕ್ಕಿಗೆ ಹೋದರೆ ಎರಡೂ ಜಾಗ ಮೆಮರಿಯಲ್ಲಿ ಇರಬೇಕು. 2023ರಲ್ಲಿ 'ಬಾಲ್ಡರ್ಸ್ ಗೇಟ್ 3' ಆಟ ಎಕ್ಸ್‌ಬಾಕ್ಸ್‌ಗೆ ತಡವಾಗಿ ಬಂದದ್ದು ಇದೇ ತೊಡಕಿನಿಂದ. 10 ಜಿಬಿ ಮೆಮರಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಸ್ಪ್ಲಿಟ್ ಸ್ಕ್ರೀನ್ ಹೊಂದಿಸಲಾಗದೆ, ಕೊನೆಗೆ ಆ ಸೌಲಭ್ಯ ಬಿಟ್ಟೇ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದರು. ಹಾಗಾಗಿ ಪಿಸಿ ಕಟ್ಟಿಸುವವರು ಹಣವನ್ನೆಲ್ಲ ಕಾರ್ಡ್‌ಗೆ ಸುರಿಯಬೇಡಿ. ರೈಜೆನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಮಟ್ಟದ ಕಾರ್ಡ್, 16 ಜಿಬಿ ರ‍್ಯಾಮ್ ಇದ್ದರೆ 1080ಪಿಯಲ್ಲಿ ಇಬ್ಬರು ಆರಾಮವಾಗಿ ಆಡಬಹುದು. 2025ರ ಕೊನೆಯಿಂದ ರ‍್ಯಾಮ್ ದರ ಏರಿದೆ ನಿಜ. ಆದರೂ ಒಂದೇ 16ರ ಸ್ಟಿಕ್ ಬೇಡ, 8ರ ಎರಡು ಹಾಕಿಸಿ. ಒಂದೇ ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ (ಮೆಮರಿಗೆ ಎರಡು ದಾರಿ) ಇಲ್ಲ. ಸ್ಪ್ಲಿಟ್ ಸ್ಕ್ರೀನ್‌ನಲ್ಲಿ ಆಟ ತಡೆತಡೆದು ಓಡುತ್ತದೆ.

ಇನ್ನು ಉಪ್ಪುಗಾಳಿ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪಿನ ಕಣ ತಾನೇ ನೀರು ಹೀರಿ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಂಚಿನ ಮನೆಗಳಲ್ಲಿ ದಿನದ ಹೆಚ್ಚಿನ ಹೊತ್ತು ಅದಕ್ಕಿಂತ ಮೇಲೆಯೇ ಇರುತ್ತದೆ. ಬೋರ್ಡಿನ ಮೇಲೆ ಕೂತ ಧೂಳು ಆ ಉಪ್ಪುನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿಂದ ತುಕ್ಕು. ಮೊದಲ ಲಕ್ಷಣ: ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಹೆಚ್ಚಾಗಿ ರ‍್ಯಾಮ್‌ನ ಕಾಂಟ್ಯಾಕ್ಟ್ ಮಸುಕಾಗಿರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಸ್ಟಿಕ್ ತೆಗೆದು, ಬಿಳಿ ಪೆನ್ಸಿಲ್ ರಬ್ಬರಿನಿಂದ ಬಂಗಾರದ ಅಂಚನ್ನು ಹಗುರವಾಗಿ ಉಜ್ಜಿ. ರಬ್ಬರಿನ ಚೂರನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಷ್‌ನಿಂದ ತೆಗೆದು, ಪೂರ್ತಿ ಒಣಗಿದ ಮೇಲೆ ಕ್ಲಿಪ್ ಕಚ್ಚುವವರೆಗೆ ಒತ್ತಿ ಕೂರಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹತ್ತಿರವೂ ತರಬೇಡಿ, ಧೂಳು ಇನ್ನಷ್ಟು ಅಂಟುತ್ತದೆ.

ಕ್ಯಾಬಿನೆಟ್ಟಿಗೆ ಒಳಕ್ಕೆ ಎಳೆಯುವ ಫ್ಯಾನ್ ಎರಡು, ಹೊರಕ್ಕೆ ಒಂದು ಇರಲಿ. ಆಗ ಗಾಳಿ ಫಿಲ್ಟರ್ ಮೂಲಕವೇ ಬರುತ್ತದೆ, ಸಂದುಗಳಿಂದ ನುಸುಳುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೊಂದು ತಾಸಾದರೂ ಯಂತ್ರ ಓಡಲಿ. ಬೆಚ್ಚಗಿನ ಲೋಹದ ಮೇಲೆ ಹನಿ ಕಟ್ಟುವುದಿಲ್ಲ. ಪ್ಲಾಸ್ಟಿಕ್ ಕವರ್ ಬಿಗಿದು ತಿಂಗಳುಗಟ್ಟಲೆ ಮುಚ್ಚಿಡುವುದು ಕೆಟ್ಟದ್ದು. ಎಸಿ ಕೋಣೆಯವರು ಇನ್ನೂ ಎಚ್ಚರದಿಂದಿರಿ: ಹೊರಗೆ 28 ಡಿಗ್ರಿ, ತೇವಾಂಶ ಶೇ 90 ಇದ್ದರೆ 26 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಕಟ್ಟುತ್ತದೆ. ಎಸಿ ಆರಿಸಿ ತಕ್ಷಣ ಕಿಟಕಿ ತೆರೆಯಬೇಡಿ.

ನಾನು ಪಿಸಿಯ ಕಡೆ ವಾಲುವುದು ಇಲ್ಲೇ. ಪಿಎಸ್5ರ ಪಕ್ಕದ ಮುಚ್ಚಳ ತೆಗೆದು ಧೂಳು ಎಳೆಯಬಹುದು, ಅದರಾಚೆ ಚಿಪ್ ಮೇಲಿರುವುದು ದ್ರವ ಲೋಹ; ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಪಿಸಿಯಲ್ಲಿ ಕೆಟ್ಟ ಭಾಗವೊಂದನ್ನೇ ಬದಲಿಸಬಹುದು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಉಪ್ಪಿಲ್ಲ, ಬೂಷ್ಟು ಮತ್ತು ಕರೆಂಟಿನ ಕಾಟ ಹೆಚ್ಚು.

ಕರೆಂಟಿನ ವಿಷಯಕ್ಕೆ ಬಂದರೆ, ಮೇಲಿನ ಪಿಸಿ ಟಿವಿ ಬಿಟ್ಟು 250 ವ್ಯಾಟ್ ಆಸುಪಾಸು ಎಳೆಯುತ್ತದೆ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ, ಟಿವಿಯೂ ಸೇರಿದರೆ ಬಿಗಿಯಾಗುತ್ತದೆ; 1100 ವಿಎ ತೆಗೆದುಕೊಳ್ಳಿ. ಮನೆಯ ಇನ್ವರ್ಟರ್‌ನಲ್ಲೇ ಓಡಿಸುವುದಾದರೆ ಅದು ಸೈನ್ ವೇವ್ ಇರಬೇಕು, ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಇಲ್ಲದಿದ್ದರೆ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತದೆ. ಗುಡುಗು ಶುರುವಾದರೆ ಪ್ಲಗ್ ಜೊತೆ ರೌಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಕಂಟ್ರೋಲರ್ ಎರಡೂ ಬ್ಲೂಟೂತ್ ಆಗಿದ್ದು ಒಂದು ಆಗಾಗ ಕಡಿದುಹೋದರೆ ಕಂಟ್ರೋಲರನ್ನು ಬೈಯುವ ಮೊದಲು ಪಿಸಿಗೆ ಚುಚ್ಚಿದ ಬ್ಲೂಟೂತ್ ಡಾಂಗಲ್ ನೋಡಿ. ಯುಎಸ್‌ಬಿ 3 ಪೋರ್ಟ್ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಹಾಕಿ ಟಿವಿಯ ಕೆಳಗೆ ತಂದಿಡಿ.

ನೆಟ್ ನಿಧಾನ ಇರುವ ಹಳ್ಳಿಗಳಲ್ಲಿ ಎಲ್ಲರೂ ಡೌನ್‌ಲೋಡ್ ಮಾಡುತ್ತ ಕೂರಬೇಕಿಲ್ಲ. ಪಿಸಿ ಗೇಮ್ ಮಾರುವ ಸ್ಟೀಮ್‌ನಲ್ಲಿ 2023ರಿಂದ ಒಂದೇ ನೆಟ್‌ವರ್ಕ್‌ನ ಪಿಸಿಯಿಂದ ಪಿಸಿಗೆ ಗೇಮ್ ಕಾಪಿ ಮಾಡಬಹುದು. ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಆ ಆಯ್ಕೆ ಆನ್ ಮಾಡಿ, ಎರಡನ್ನೂ ಗಿಗಾಬಿಟ್ ರೌಟರ್‌ಗೆ ವೈರ್‌ನಿಂದ ಜೋಡಿಸಿದರೆ 50 ಜಿಬಿಯ ಆಟ ಹತ್ತು ನಿಮಿಷದ ಆಸುಪಾಸಿನಲ್ಲಿ ಬರುತ್ತದೆ. ವೈಫೈನಲ್ಲಿ ಇದೇ ಕೆಲಸಕ್ಕೆ ತಾಸುಗಟ್ಟಲೆ ಹಿಡಿಯಬಹುದು, ಹಾಗಾಗಿ ಊರಿಗೆ ಬರುವವರಿಗೆ ಲ್ಯಾಪ್‌ಟಾಪ್ ಜೊತೆ ಒಂದು ಕ್ಯಾಟ್ 6 ಲ್ಯಾನ್ ವೈರನ್ನೂ ತರಲು ಹೇಳಿ.