ಮೂರು, ನಾಲ್ಕು, ಐದು ಅಡಿಯ ದಾರ

ಬಿ.ಇಡಿ. ಓದುವಾಗ ಹೇಳಿಕೊಟ್ಟ ಮಾತುಗಳಲ್ಲಿ ನಾನು ಪೂರ್ತಿಯಾಗಿ ನಂಬಿದ್ದು ಒಂದನ್ನು: ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಇನ್ನು ಕೆಲವರು ಕೈಯಿಂದ ಮಾಡಿ, ಯಾರು ಯಾವ ಬಗೆಯೆಂದು ಗುರುತಿಸಿ ಅದರಂತೆ ಪಾಠ ಮಾಡುವವನೇ ಒಳ್ಳೆಯ ಶಿಕ್ಷಕ. ಪ್ರೌಢಶಾಲೆಗೆ ಗಣಿತ ಶಿಕ್ಷಕನಾಗಿ ಸೇರಿದ ಹೊಸದರಲ್ಲಿ ನನ್ನ ಅಂಕಪಟ್ಟಿಯ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ‘ನೋ’, ‘ಕೇ’, ‘ಮಾ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೆ.

ಭಾನುವಾರಗಳಂದು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ ಹತ್ತನೇ ತರಗತಿಯ ಹುಡುಗನೊಬ್ಬ ಸಹಜವಾಗಿಯೇ ‘ಮಾ’ ಆದ. ರಟ್ಟು ಕತ್ತರಿಸುವುದು, ಮಾದರಿ ಮಾಡುವುದು ಅವನ ಪಾಲಿಗೆ ಬಂತು. ಹಲಗೆಯ ಮೇಲೆ ಪ್ರಮೇಯದ ಸಾಧನೆ ಬರೆಯಲು ನಾನು ಅವನನ್ನು ಕರೆದದ್ದೇ ಇಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪೈಥಾಗೊರಸ್ ಪ್ರಮೇಯವನ್ನು ನಿರೂಪಿಸಿ ಸಾಧಿಸಬೇಕಿದ್ದ ಪ್ರಶ್ನೆಗೆ ಅವನು ಅಳತೆ ತಪ್ಪದ ತ್ರಿಭುಜವೊಂದನ್ನು ಬಿಡಿಸಿ, ಕೆಳಗಿನ ಅರ್ಧ ಪುಟವನ್ನು ಖಾಲಿ ಬಿಟ್ಟಿದ್ದ. ಆ ಖಾಲಿ ಜಾಗದಲ್ಲಿ ನನ್ನ ಪೆನ್ಸಿಲಿನ ಗುರುತೇ ನನಗೆ ಕಂಡಿತು.

ನೋಡಿ, ಕೇಳಿ, ಮಾಡಿ ಎಂಬಂಥ ‘ಕಲಿಕಾ ಶೈಲಿ’ಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಬರೆದಿದ್ದರು. ನಾನು ಅದನ್ನು ಓದಿದ್ದು ಬಹಳ ತಡವಾಗಿ.

ಪರೀಕ್ಷೆಯ ಮರುವಾರ ಇಡೀ ತರಗತಿಯನ್ನು ಅಂಗಳಕ್ಕೆ ಕರೆದೊಯ್ದೆ. ಹುಡುಗ ಮೂಲೆಯಲ್ಲಿ ಗೂಟ ಹೊಡೆದು, ಅದರಿಂದ ಎರಡು ದಾರ ಎಳೆದು, ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡಿ, ಅವುಗಳ ನಡುವೆ ಟೇಪು ಹಿಡಿದ.

“ಐದು ಬಂದ್ರೆ ಮೂಲೆ ಸರಿ ಸಾರ್.”

“ಯಾಕೆ?”

“ಬಂದೇ ಬರುತ್ತೆ ಸಾರ್. ಅಪ್ಪ ಹಂಗೇ ನೋಡೋದು.”

ಸಾಧನೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಬಲ್ಲ ಹುಡುಗಿಯೊಬ್ಬಳು, ಐದರ ಮೇಲೆ ಎರಡು ಇಂಚು ಬಂದರೇನು ಎಂದು ಕೇಳಿದಳು. ಅವನು ದಾರವನ್ನು ಹೊರಕ್ಕೆ ಸರಿಸಿ, “ಮೂಲೆ ಬಾಯಿ ಬಿಟ್ಟಿದೆ ಅಂತ” ಎಂದ. ಪುಸ್ತಕದ ವಿಶಾಲಕೋನವನ್ನು ಅವಳು ನೆಲದ ಮೇಲೆ ನೋಡಿದ್ದು ಅದೇ ಮೊದಲು.

ಒಳಗೆ ಬಂದ ಮೇಲೆ ಎಲ್ಲರೂ ಚಿತ್ರ ಬಿಡಿಸಿದರು, ಪ್ರತಿ ಹಂತವನ್ನೂ ಬಾಯಿಬಿಟ್ಟು ಹೇಳಿದರು, ಆಮೇಲೆ ಬರೆದರು. ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಲಂಬ ಎಳೆದು, ಸಮರೂಪ ತ್ರಿಭುಜಗಳನ್ನು ಗುರುತಿಸುವವರೆಗೆ ಹುಡುಗ ಸಲೀಸಾಗಿ ಬಂದ. ಎರಡು ಅನುಪಾತಗಳನ್ನು ಅಡ್ಡ ಗುಣಿಸುವಲ್ಲಿ ನಿಂತುಬಿಟ್ಟ. ಅಲ್ಲಿ ಅವನಿಗೆ ಬೇಕಾಗಿದ್ದುದು ಮಾದರಿಯೂ ಅಲ್ಲ, ದಾರವೂ ಅಲ್ಲ. ಹಿಂದಿನ ತರಗತಿಗಳಲ್ಲಿ ಎಲ್ಲೋ ಕೈತಪ್ಪಿಹೋಗಿದ್ದ ಅನುಪಾತದ ಲೆಕ್ಕ. ಐವತ್ತು ಮಕ್ಕಳ ತರಗತಿಯಲ್ಲಿ, ನಲವತ್ತು ನಿಮಿಷದ ಅವಧಿಯಲ್ಲಿ ಇಂಥದ್ದನ್ನು ಹುಡುಕುವುದು ಪೆನ್ಸಿಲಿನಲ್ಲಿ ‘ಮಾ’ ಎಂದು ಬರೆದಷ್ಟು ಸುಲಭವಲ್ಲ. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಅವನನ್ನೂ, ಅದೇ ಹಂತದಲ್ಲಿ ನಿಂತಿದ್ದ ಇನ್ನೂ ಹನ್ನೊಂದು ಮಂದಿಯನ್ನೂ ಕೂರಿಸಿಕೊಂಡು, ಒಂದು ಚೀಲ ಸಿಮೆಂಟಿಗೆ ಆರು ಪಾಲು ಮರಳಾದರೆ ಎರಡೂವರೆ ಚೀಲಕ್ಕೆ ಎಷ್ಟು ಎಂಬಲ್ಲಿಂದ ಶುರು ಮಾಡಿದೆ.