ರೇಸ್ ಭಾನುವಾರ ತಾನೇ, ಶುಕ್ರವಾರದಿಂದಲೇ ಯಾಕೆ ಕೂರ್ತೀಯ?

ಈ ಪ್ರಶ್ನೆಯನ್ನು ಮನೆಯಲ್ಲೂ ಕೇಳುತ್ತಾರೆ, ಆಫೀಸಿನಲ್ಲೂ ಕೇಳುತ್ತಾರೆ. ಫಾರ್ಮುಲಾ ಒನ್ ರೇಸ್ ಇರುವುದು ಭಾನುವಾರ. ಶುಕ್ರವಾರ ಬರೀ ಪ್ರಾಕ್ಟೀಸ್, ಅದಕ್ಕೆ ಪಾಯಿಂಟೂ ಇಲ್ಲ, ಕಪ್ಪೂ ಇಲ್ಲ. ಮತ್ಯಾಕೆ ಅದನ್ನು ನೋಡಬೇಕು ಅಂತ. 2026ರ ಇಟಲಿ ರೇಸ್ ಸೆಪ್ಟೆಂಬರ್ 6ಕ್ಕೆ ಮೋಂಜಾದಲ್ಲಿ ಇದೆ, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೋಂಜಾ 1922ರಲ್ಲಿ ಕಟ್ಟಿದ ಟ್ರ್ಯಾಕ್. ಒಂದು ಸುತ್ತಿಗೆ 5.793 ಕಿಲೋಮೀಟರ್, ಒಟ್ಟು 53 ಸುತ್ತು. ಉದ್ದುದ್ದ ನೇರ ದಾರಿ, ನಡುನಡುವೆ ಕೆಲವೇ ತಿರುವು. 2025ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಗಳಿಸಿದ ಸುತ್ತಿನ ಸರಾಸರಿ ವೇಗವೇ ಗಂಟೆಗೆ 264 ಕಿಲೋಮೀಟರ್ ದಾಟಿತ್ತು. ಸರಾಸರಿ, ನೆನಪಿಡಿ.

ಇಂಥ ಜಾಗದಲ್ಲಿ ಎಲ್ಲರ ಕಣ್ಣು ಕಾರಿನ ಹಿಂಬದಿಯ ರೆಕ್ಕೆಯ ಮೇಲೆ, ಅಂದರೆ ಹಿಂದಿನ ವಿಂಗ್ ಮೇಲೆ. ವಿಂಗ್ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ತಿರುವಿನಲ್ಲಿ ಅದು ಬೇಕೇ ಬೇಕು. ನೇರ ದಾರಿಗೆ ಬಂದರೆ ಅದೇ ವಿಂಗ್ ಗಾಳಿಗೆ ಅಡ್ಡ ನಿಲ್ಲುತ್ತದೆ. ತಿರುವುಗಳೇ ತುಂಬಿದ ಮೊನಾಕೋ ಟ್ರ್ಯಾಕಿಗೆ ಬಾಗಿಲಿನ ಹಾಗೆ ಎದ್ದು ನಿಂತ ವಿಂಗ್ ಹಾಕಿದ ತಂಡವೇ ಮೋಂಜಾಗೆ ಸ್ಕೇಲ್ ಪಟ್ಟಿಯಂಥದ್ದನ್ನು ಹಾಕಿಕೊಂಡು ಬರುತ್ತದೆ. ಎಷ್ಟು ತೆಳ್ಳಗೆ ಅನ್ನುವುದೇ ಜಗಳ. ಜಾಸ್ತಿ ತೆಳ್ಳಗೆ ಮಾಡಿದರೆ ಬ್ರೇಕ್ ಹಾಕುವಾಗ ಕಾರು ಜಾರುತ್ತದೆ, ಟೈರ್ ಹಾಳಾಗುತ್ತದೆ.

ಶುಕ್ರವಾರ ಕಾರು ಗ್ಯಾರೇಜಿನಿಂದ ಹೊರಬರುವಾಗ ಒಮ್ಮೆ ಗಮನಿಸಿ. ಕೆಲವು ಕಾರಿನ ವಿಂಗಿಗೆ ಹಸಿರೋ ಹಳದಿಯೋ ಎಣ್ಣೆಯಂಥ ಬಣ್ಣ ಬಳಿದಿರುತ್ತಾರೆ. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಗಾಳಿ ಅದನ್ನು ಗೆರೆ ಗೆರೆಯಾಗಿ ಎಳೆದಿರುತ್ತದೆ. ಗೆರೆ ನೀಟಾಗಿ ಹಿಂದಕ್ಕೆ ಹೋಗಿದ್ದರೆ ಗಾಳಿ ವಿಂಗಿಗೆ ಅಂಟಿಕೊಂಡೇ ಹರಿದಿದೆ. ಕಲಸಿಹೋಗಿದ್ದರೆ ಅಲ್ಲಿ ಗಾಳಿ ಕೈಬಿಟ್ಟಿದೆ. ಕಣ್ಣಿಗೆ ಕಾಣದ ಗಾಳಿ ಹೀಗೆ ಬಣ್ಣದಲ್ಲಿ ಕಾಣುವುದು ನನಗೆ ಪ್ರತಿಸಲವೂ ಖುಷಿ. ಮೆಕ್ಯಾನಿಕ್‌ಗಳು ಓಡಿಬಂದು ಮರೆ ಮಾಡುತ್ತಾರೆ, ಯಾಕೆಂದರೆ ಎದುರಾಳಿ ತಂಡದ ಕ್ಯಾಮೆರಾ ಕಾದು ಕೂತಿರುತ್ತದೆ. ಯಾರು ಎಷ್ಟನೇ ಸ್ಥಾನದಿಂದ ಹೊರಡಬೇಕು ಅಂತ ತೀರ್ಮಾನಿಸುವ ಶನಿವಾರದ ಕ್ವಾಲಿಫೈಯಿಂಗ್ ಶುರುವಾದ ಮೇಲೆ ಹಿಂದಿನ ವಿಂಗ್ ಬದಲಿಸುವ ಹಾಗಿಲ್ಲ. ಅಂದರೆ ಯೋಚನೆ ಮಾಡಲು ಇರುವುದು ಶುಕ್ರವಾರ ರಾತ್ರಿ ಮತ್ತು ಶನಿವಾರದ ಒಂದು ಗಂಟೆ ಪ್ರಾಕ್ಟೀಸ್, ಅಷ್ಟೇ.

2010ರ ಮೋಂಜಾ ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ. ಆ ವರ್ಷ ಮೆಕ್ಲಾರೆನ್ ಎಫ್-ಡಕ್ಟ್ ತಂದಿತ್ತು. ಕಾಕ್‌ಪಿಟ್ ಒಳಗೆ ಒಂದು ತೂತು, ನೇರ ದಾರಿಯಲ್ಲಿ ಡ್ರೈವರ್ ಅದನ್ನು ಕಾಲಿನಿಂದ ಮುಚ್ಚಿದರೆ ಗಾಳಿ ದಾರಿ ಬದಲಿಸಿ ಹಿಂದಿನ ವಿಂಗಿಗೆ ಹೋಗಿ ಅದರ ಒತ್ತಡವನ್ನೇ ಕೆಡಿಸುತ್ತದೆ, ಕಾರು ಹಗುರಾಗಿ ಓಡುತ್ತದೆ. ಉಳಿದವರೂ ಅದನ್ನು ನಕಲು ಮಾಡಿದರು. ಮೋಂಜಾದಲ್ಲಿ ಮೆಕ್ಲಾರೆನ್‌ನ ಇಬ್ಬರು ಡ್ರೈವರ್‌ಗಳೇ ಎರಡು ದಾರಿ ಹಿಡಿದರು. ಜೆನ್ಸನ್ ಬಟನ್ ದೊಡ್ಡ ವಿಂಗ್ ಜೊತೆ ಎಫ್-ಡಕ್ಟ್ ಇಟ್ಟುಕೊಂಡರು, ಲೂಯಿಸ್ ಹ್ಯಾಮಿಲ್ಟನ್ ಅದನ್ನು ತೆಗೆಸಿ ತೆಳು ವಿಂಗ್ ಹಾಕಿಸಿದರು. ಬಟನ್ ಎರಡನೇ ಸ್ಥಾನದಿಂದ ಹೊರಟು ಫೆರಾರಿಯ ಅಲೊನ್ಸೊ ಅವರನ್ನು ದಾಟಿ ಮುನ್ನಡೆದರು. ಅಲೊನ್ಸೊಗೆ ಟ್ರ್ಯಾಕಿನ ಮೇಲೆ ಮತ್ತೆ ದಾಟಲು ಆಗಲಿಲ್ಲ, ಗೆದ್ದದ್ದು ಪಿಟ್‌ಸ್ಟಾಪಿನಲ್ಲಿ. ಹ್ಯಾಮಿಲ್ಟನ್ ಐದನೆಯವರಾಗಿ ಹೊರಟು ಮೊದಲ ಸುತ್ತಿನಲ್ಲೇ ಮಾಸಾ ಕಾರಿಗೆ ತಾಗಿ ಹೊರಬಿದ್ದರು. ಭಾನುವಾರ ಮಾತ್ರ ನೋಡಿದವರಿಗೆ ಈ ಅರ್ಧ ಕಥೆ ಸಿಗುವುದೇ ಇಲ್ಲ, ಅಲ್ವಾ?

ನಮ್ಮೂರಿಗೂ ಇದರ ನಂಟಿದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2009ರಲ್ಲಿ ಬಹುತೇಕ ಕಡೆ ಹಿಂದೆಯೇ ಇತ್ತು. ಗಾಳಿಯನ್ನು ಸಲೀಸಾಗಿ ಸೀಳುವ ಆ ಕಾರಿಗೆ ವೇಗದ ಟ್ರ್ಯಾಕ್ ಸಿಕ್ಕಿದ್ದೇ ತಡ, ಬೆಲ್ಜಿಯಂನ ಸ್ಪಾದಲ್ಲಿ ಅದರ ಡ್ರೈವರ್ ಫಿಸಿಕೆಲ್ಲಾ ಪೋಲ್ ಹಿಡಿದು ಎರಡನೆಯವರಾದರು. ಮೋಂಜಾದಲ್ಲಿ ಇನ್ನೊಬ್ಬ ಡ್ರೈವರ್ ಸುಟಿಲ್ ಎರಡನೇ ಸ್ಥಾನದಿಂದ ಹೊರಟು ನಾಲ್ಕನೆಯವರಾಗಿ ಮುಗಿಸಿದರು. ಅದೃಷ್ಟ ಅಂದವರಿದ್ದಾರೆ. ಅದೃಷ್ಟ ಅಲ್ಲ, ಆ ಟ್ರ್ಯಾಕಿಗೆ ಆ ಕಾರು ಹೊಂದಿತ್ತು.

2026ರಿಂದ ಆಟ ಬೇರೆ. ನೇರ ದಾರಿಯಲ್ಲಿ ಮುಂದಿನ, ಹಿಂದಿನ ಎರಡೂ ವಿಂಗ್ ಗಾಳಿಗೆ ಅಡ್ಡ ನಿಲ್ಲದ ಹಾಗೆ ತೆರೆದುಕೊಳ್ಳುತ್ತವೆ, ಎಲ್ಲರಿಗೂ. ಮುಂದಿನ ಕಾರಿಗೆ ಹತ್ತಿರ ಇದ್ದವರಿಗಷ್ಟೇ ರೇಸಿನಲ್ಲಿ ಹಿಂದಿನ ವಿಂಗ್ ತೆರೆಯಲು ಬಿಡುತ್ತಿದ್ದ ಹಳೆಯ ಡಿಆರ್‌ಎಸ್ ಹೋಯಿತು. ಎಲೆಕ್ಟ್ರಿಕ್ ಮೋಟಾರಿನ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬಬೇಕು, ಆದರೆ ಮೋಂಜಾದಲ್ಲಿ ಬ್ರೇಕ್ ಹಾಕುವ ಜಾಗವೇ ಕಡಿಮೆ. ಹಾಗಾಗಿ ತೆಳು ವಿಂಗ್ ಯಾರದು ಅನ್ನುವ ಜೊತೆಗೆ ದಾರಿಯ ಕೊನೆಯವರೆಗೆ ಚಾರ್ಜ್ ಉಳಿಸಿಕೊಳ್ಳುವವರು ಯಾರು ಅನ್ನುವುದೂ ಸೇರಿಕೊಂಡಿದೆ. ಮರ್ಸಿಡಿಸ್ ಎಂಜಿನ್ನು ಮೆಕ್ಲಾರೆನ್, ವಿಲಿಯಮ್ಸ್, ಆಲ್ಪೈನ್‌ಗೂ ಇದೆ. ಒಂದೇ ಎಂಜಿನ್, ನಾಲ್ಕು ತಂಡ, ಯಾರು ಹೇಗೆ ಬಳಸುತ್ತಾರೆ ನೋಡಬೇಕು. ರೆಡ್ ಬುಲ್ ಫೋರ್ಡ್ ಜೊತೆ ಸೇರಿ ತನ್ನದೇ ಎಂಜಿನ್ ಕಟ್ಟಿದೆ, ಆಡಿ ಹೊಸಬ.

ಕೊನೆಯ ತಿರುವಾದ ಪರಬೋಲಿಕಾ ದಾಟಿದ ಕಾರು ಮೊದಲ ಚಿಕೇನಿನ, ಅಂದರೆ ಬಲಕ್ಕೆ ಎಡಕ್ಕೆ ತಿರುಗುವ ಬಿಗಿ ತಿರುವಿನ, ಕಡೆ ನುಗ್ಗುವಾಗ ಪರದೆಯ ಮೂಲೆಯಲ್ಲಿ ವೇಗದ ಅಂಕಿ ಕಾಣುತ್ತದೆ. ಬ್ರೇಕ್ ಹಾಕುವ ಮೊದಲೇ ಯಾವ ಕಾರಿನ ಅಂಕಿ ಇಳಿಯಲು ಶುರುವಾಗುತ್ತದೆ, ಯಾವುದು ಏರುತ್ತಲೇ ಇರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಕೂತಿರುತ್ತೇನೆ, ಶುಕ್ರವಾರ ಸಂಜೆ.